ಡಬ್ಬಿಯ ಮೇಲೆ ಇಲ್ಲದ ತಾರೀಖು

ನಮ್ಮ ಮನೆಯ ವೈ-ಫೈ ರೌಟರ್ ಕೆಟ್ಟಿರಲಿಲ್ಲ. ಏಳು ವರ್ಷಗಳಿಂದ ಹಸಿರು ದೀಪ ಮಿಟುಕಿಸುತ್ತ ನಿಷ್ಠೆಯಿಂದ ದುಡಿಯುತ್ತಿತ್ತು. ಆದರೂ ಕಳೆದ ತಿಂಗಳು ಅದನ್ನು ಬದಲಿಸಬೇಕಾಯಿತು. ತಯಾರಕರ ಜಾಲತಾಣದ ಮೂಲೆಯೊಂದರಲ್ಲಿ, ಈ ಮಾದರಿಗೆ ಇನ್ನು ಸುರಕ್ಷತಾ ಪರಿಷ್ಕರಣೆಗಳಿಲ್ಲ ಎಂಬ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ಅದು ನಿಂತು ಆಗಲೇ ನಾಲ್ಕು ವರ್ಷವಾಗಿತ್ತು! ಅಷ್ಟೂ ಕಾಲ ನಾವು ಅಗುಳಿ ಹಾಕಿದ್ದೇವೆಂದು ನಂಬಿ ನೆಮ್ಮದಿಯಿಂದ ಮಲಗಿದ್ದೆವು.

ಇದು ಮುದುಕನ ಅತಿಭಯವೆಂದು ನಗುವವರಿದ್ದಾರೆ. ರೌಟರ್ ಎಂಬುದು ಮನೆಯ ಹೆಬ್ಬಾಗಿಲು. ಅದರೊಳಗೆ ನುಸುಳಿದವನು ನಮ್ಮನ್ನು ನಕಲಿ ತಾಣಗಳತ್ತ ತಿರುಗಿಸಬಲ್ಲ; ನಮ್ಮ ಸಂಪರ್ಕವನ್ನೇ ಮರೆಯಾಗಿಸಿಕೊಂಡು ಬೇರೆಡೆ ಅಪರಾಧ ಎಸಗಬಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನು ಯಾರೂ ಬದಲಿಸದ ಕ್ಯಾಮೆರಾ, ರೌಟರ್‌ಗಳನ್ನೇ ಸೇನೆಯಾಗಿ ಕಟ್ಟಿಕೊಂಡು ದೊಡ್ಡ ದೊಡ್ಡ ತಾಣಗಳನ್ನು ಕೆಡವಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ, ಪರಿಷ್ಕರಣೆ ನಿಂತುಹೋದ ಹಳೆಯ ರೌಟರ್‌ಗಳನ್ನು ಬದಲಿಸಿರೆಂದು ಸಾರ್ವಜನಿಕರನ್ನೇ ಎಚ್ಚರಿಸಿತು.

ಹೊಸದನ್ನು ಕೊಳ್ಳಲು ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಡಬ್ಬಿಯೊಂದನ್ನು ಮುಂದಿಟ್ಟು, “1200 ಸ್ಪೀಡು ಸರ್, ನಾಲ್ಕು ಆಂಟೆನಾ” ಎಂದ. ಆ 1200 ಎಲ್ಲಿಂದ ಬಂತು? 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 300, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 867, ಒಟ್ಟು 1167. ಅದನ್ನೂ ಮೇಲಕ್ಕೇರಿಸಿ 1200 ಎಂದು ಅಚ್ಚು ಹಾಕಿದ್ದಾರೆ. ಈ ವರ್ಗದ ರೌಟರಿಗೆ ಸೇರಿದ ಫೋನು ಒಂದು ಹೊತ್ತಿಗೆ ಒಂದೇ ಪಟ್ಟಿಯನ್ನು ಬಳಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಎರಡು ಬಸ್ಸುಗಳು ಮೈಸೂರಿಗೆ ಹೊರಟರೆ, ಪ್ರಯಾಣಿಕನ ವೇಗ 120 ಎಂದು ನನ್ನ ತರಗತಿಯಲ್ಲಿ ಯಾರಾದರೂ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಇದೇ ವರ್ಗದ ಅಗ್ಗದ ಹಲವು ಮಾದರಿಗಳಲ್ಲಿ ಹೊರಗಿನ ತಂತಿ ಸೇರುವ ಪೋರ್ಟಿನ ಮಿತಿಯೇ 100 ಎಂಬಿಪಿಎಸ್. ಊರ ಕೆರೆಯಷ್ಟು ದೊಡ್ಡ ತೊಟ್ಟಿ, ಅದಕ್ಕೆ ನೀರು ತರುವ ನಳಿಗೆ ಮಾತ್ರ ಬೆರಳಿನಷ್ಟು!

“ಇದಕ್ಕೆ ಪರಿಷ್ಕರಣೆ ಎಷ್ಟು ವರ್ಷ ಬರುತ್ತದಪ್ಪಾ?” ಎಂದು ಕೇಳಿದೆ. “ಅದನ್ನ ಯಾರೂ ಕೇಳೋದಿಲ್ಲ ಸರ್” ಎಂದ. ಅವನ ತಪ್ಪಲ್ಲ. ಡಬ್ಬಿಯನ್ನು ಆರು ಮಗ್ಗುಲಿಗೂ ತಿರುಗಿಸಿ ನೋಡಿದೆ. ಆ ತಾರೀಖು ಎಲ್ಲಿಯೂ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವೂ ತಾನು ಎಂದಿನವರೆಗೆ ತಿನ್ನಲು ಯೋಗ್ಯವೆಂದು ಹೇಳುತ್ತದೆ. ಮಾತ್ರೆಯ ಪಟ್ಟಿಯೂ ಹೇಳುತ್ತದೆ. ಎರಡು ಮೂರು ಸಾವಿರ ತೆತ್ತು ತಂದ ರೌಟರ್ ಮಾತ್ರ ತನ್ನ ಆಯಸ್ಸನ್ನು ಬಚ್ಚಿಡುತ್ತದೆ. ಇದು ಆಗದ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನಿನಂತೆ, ಅಂತರಜಾಲಕ್ಕೆ ಸೇರುವ ಗೃಹೋಪಯೋಗಿ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಸುರಕ್ಷತಾ ಪರಿಷ್ಕರಣೆ ಕೊಡುತ್ತೇವೆಂದು ತಯಾರಕರು ಬಹಿರಂಗವಾಗಿ ತಿಳಿಸಬೇಕು. ಸುಲಭವಾಗಿ ಊಹಿಸಬಹುದಾದ ಗುಪ್ತಪದ ಇಡುವಂತಿಲ್ಲ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಬೇಡ?

ಪರಿಷ್ಕರಣೆಗೆ ಖರ್ಚು ತಗಲುತ್ತದೆ, ಬೆಲೆ ಏರುತ್ತದೆ ಎನ್ನುವವರಿದ್ದಾರೆ. ಏರಲಿ. ಆಯಸ್ಸು ತಿಳಿದರೆ ತಾನೆ ಬೆಲೆ ಹೆಚ್ಚೋ ಕಡಿಮೆಯೋ ಎಂದು ತೂಗಲು ಸಾಧ್ಯ? ಎರಡೇ ವರ್ಷ ಕಾವಲು ಕಾಯುವ ಅಗ್ಗದ ರೌಟರ್ ನಿಜಕ್ಕೂ ಅಗ್ಗವಲ್ಲ. ಗ್ರಾಹಕನೇ ಕೇಳುವುದಿಲ್ಲವೆಂಬ ಮಾತಂತೂ ಪಾಠವನ್ನೇ ಮಾಡದೆ, ಮಕ್ಕಳು ಪ್ರಶ್ನೆ ಕೇಳಲಿಲ್ಲವೆಂದು ದೂರುವ ಮೇಷ್ಟ್ರ ಮಾತು.

ಕೊನೆಗೆ ನಾನು ಕೊಂಡದ್ದು ಆ ಡಬ್ಬಿಯನ್ನಲ್ಲ. ಪರಿಷ್ಕರಣೆಯ ಅವಧಿಯನ್ನು ಜಾಲತಾಣದಲ್ಲಿ ಪ್ರಕಟಿಸಿದ್ದ, ಗಿಗಾಬಿಟ್ ಪೋರ್ಟುಗಳುಳ್ಳ, ಡಬ್ಲ್ಯುಪಿಎ3 ಭದ್ರತೆಯ, ತಾನಾಗಿಯೇ ಪರಿಷ್ಕರಿಸಿಕೊಳ್ಳುವ ಸಾಧಾರಣ ರೌಟರೊಂದನ್ನು ತಂದೆ. ಟೀವಿಯ ಹಿಂದೆ ಅಡಗಿಸದೆ ಮನೆಯ ನಡುವೆ ಎತ್ತರದಲ್ಲಿಟ್ಟೆ. ಹಿಂದಿನ ಕೋಣೆಗೂ ಸಂಕೇತ ತಲುಪುತ್ತಿದೆ. ನಾಲ್ಕು ಆಂಟೆನಾ ಬೇಕಾಗಲಿಲ್ಲ. ಅದರ ಅಡಿಯಲ್ಲಿ ಒಂದು ಚೀಟಿ ಅಂಟಿಸಿ, ಪರಿಷ್ಕರಣೆ ನಿಲ್ಲುವ ತಿಂಗಳು ಮತ್ತು ವರ್ಷವನ್ನು ಕೈಯಾರೆ ಬರೆದಿದ್ದೇನೆ.

ಆ ಚೀಟಿಯನ್ನು ತಯಾರಕರೇ ಅಚ್ಚು ಹಾಕುವಂತಾಗಬೇಕು. ಅಲ್ಲಿಯವರೆಗೆ, ಓದುಗರೇ, ಮುಂದಿನ ಸಲ ಅಂಗಡಿಗೆ ಹೋದಾಗ ವೇಗವನ್ನು ಕೇಳುವ ಮೊದಲು ತಾರೀಖನ್ನು ಕೇಳಿ. ನೂರು ಜನ ಕೇಳಿದರೆ ಆ ಹುಡುಗ “ಯಾರೂ ಕೇಳೋದಿಲ್ಲ” ಎನ್ನಲಾರ.