ಹೊಲ ಮಗನ ಹೆಸರಿಗೆ, ಅಪ್ಪನ ಊಟ ಯಾರ ಹೆಸರಿಗೆ?

ಅರವತ್ತು ದಾಟಿದ ರೈತನ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೊಲವನ್ನು ಈಗಲೇ ಮಗನ ಹೆಸರಿಗೆ ಹಚ್ಚಬೇಕೋ, ಕಣ್ಣು ಮುಚ್ಚುವ ತನಕ ತನ್ನ ಹೆಸರಲ್ಲೇ ಇಟ್ಟುಕೊಳ್ಳಬೇಕೋ? ನಮ್ಮ ಜತ್ತ, ಅಕ್ಕಲಕೋಟ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕು. ಮನೆಮಾತು ಕನ್ನಡ, ಬಕ್ಷೀಸಪತ್ರ ಮರಾಠಿ. ಸಂತೆಗೆ ಸಾಕಾಗುವ ಮರಾಠಿ ದಸ್ತಾವೇಜಿಗೆ ಸಾಲೂದಿಲ್ಲ. "ಇಲ್ಲಿ ಒತ್ತರಿ ಕಾಕಾ" ಅಂದರೆ ಹಿರಿಯರು ಹೆಬ್ಬೆಟ್ಟು ಒತ್ತಿ ಬರುತ್ತಾರೆ.

ಮಗನದೇ ತಪ್ಪು ಅಂತ ನಾನು ಹೇಳಲಾರೆ. ಉತಾರದಲ್ಲಿ ಹೆಸರಿಲ್ಲದವನಿಗೆ ಸೊಸಾಯಟಿಯ ಬೆಳೆಸಾಲ ಸಿಗುವುದು ಕಷ್ಟ. ಕಿಸಾನ್ ಸಮ್ಮಾನದ ವರ್ಷದ 6,000 ರೂಪಾಯಿಯೂ ಅಪ್ಪನ ಖಾತೆಗೇ. ದುಡಿಯುವವ ಒಬ್ಬ, ಸಹಿ ಇನ್ನೊಬ್ಬರದು. ಮಳೆ ಕೈಕೊಟ್ಟ ವರ್ಷ ಮುದುಕರನ್ನು ಬಿಟ್ಟು ಕಬ್ಬು ಕಡಿಯಲು ಹೋಗುವುದೂ ಹೊಟ್ಟೆಗಾಗಿಯೇ. ಆದರೆ ಹೆಸರು ಬದಲಾದ ಮೇಲೆ ಅಪ್ಪನ ತಾಟು ದನದ ಕೊಟ್ಟಿಗೆಗೆ ಸರಿದದ್ದನ್ನೂ ಊರವರು ಕಂಡಿದ್ದಾರೆ.

ಇದಕ್ಕೆ ಕಾನೂನು ಇದೆ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಅರವತ್ತು ತುಂಬಿದವರು ಆಸ್ತಿ ಕೊಟ್ಟು, ಪಡೆದವನು ನೋಡದಿದ್ದರೆ, 23ನೇ ಕಲಮಿನಡಿ ಆ ಪತ್ರ ರದ್ದು ಮಾಡಿಸಬಹುದು. ವಕೀಲರಿಲ್ಲದೆಯೂ ಪ್ರಾಂತ ಸಾಹೇಬರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು.

ಗಂಟು ಇರುವುದು ಆ ಷರತ್ತಿನಲ್ಲೇ. ಷರತ್ತು ಇತ್ತು ಅಂತ ತೋರಿಸದೆ ಪತ್ರ ರದ್ದಾಗದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ದಾವೆಯಲ್ಲಿ, ಹಿರಿಯರ ಪರವಾಗಿ ಈ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ, ಆಸ್ತಿಯ ಕಬಜಾ ತಿರುಗಿ ತಾಯಿಗೇ ಕೊಡಿಸಿತು. ಆದರೆ ನೋಡ್ರಿ, ಆ ತಾಯಿಯ ಕೈಯಲ್ಲಿ "ನೋಡಿಕೊಳ್ಳುತ್ತೇನೆ" ಎಂದು ಮಗ ಬರೆದುಕೊಟ್ಟನೆನ್ನುವ ಬೇರೆ ಕಾಗದವೊಂದಿತ್ತು. ನಮ್ಮಲ್ಲಿ ಅದನ್ನು ಕೇಳುವುದೇ ಅವಮಾನ. ಹೊಟ್ಟೆಯ ಮಗನ ಹತ್ತಿರ ಬಾಂಡ್ ಬರೆಸಿಕೊಂಡ ಅನ್ನುತ್ತಾರೆ. ಅನ್ನಲಿ. ಸೊಸಾಯಟಿಯಲ್ಲಿ ನೂರು ರೂಪಾಯಿಗೂ ಪಾವತಿ ಕೇಳುವವರು ನಾವು. ಬಕ್ಷೀಸಪತ್ರದಲ್ಲಿ ಆ ಒಂದು ಸಾಲು ಹಾಕಿಸಿ, ಕನ್ನಡದಲ್ಲಿ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಕಠಿಣ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು. ತವರು ಉಳಿಯಲಿ ಅಂತ ಆಕೆ ಹಕ್ಕಸೋಡ ಪತ್ರಕ್ಕೆ ಸಹಿ ಹಾಕುತ್ತಾಳೆ. ಆದರೆ ಪೋಷಣೆಯ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗಳೂ ಸೇರಿದಳು. ಪಾಲು ಬಿಟ್ಟರೂ ಹೊಣೆ ಬಿಡದು. ಅವ್ವ ಹಾಸಿಗೆ ಹಿಡಿದಾಗ ಬಸ್ಸು ಹತ್ತಿ ಬರುವವಳೂ ಹೆಚ್ಚಾಗಿ ಅವಳೇ. ಹಕ್ಕಸೋಡ ಬರೆಸುವಾಗ "ಅಪ್ಪ-ಅವ್ವನ ಹೊಣೆ ಯಾರದು, ಅದನ್ನೂ ಬರೀರಿ ಅಣ್ಣಾ" ಎಂದು ಕೇಳಿದ ತಂಗಿಯನ್ನು ನಾನಂತೂ ಇನ್ನೂ ಕಂಡಿಲ್ಲ.