ಬಾನುಲಿಯ ಕಿರ್ದಿ

ವೇದಗಂಗೆ ದೂಧಗಂಗೆಗಳ ಸಂಗಮದ ಬಳಿಯ ಭೋಜ ಗ್ರಾಮದಲ್ಲಿ ಮಳೆಗಾಲವೆಂದರೆ ಸೇತುವೆಗಳು ಮುಳುಗುವ ಕಾಲ. ಕಾರದಗಾ-ಭೋಜ ಸೇತುವೆಯೂ ಭೋಜವಾಡಿ-ಕುನ್ನೂರ ಸೇತುವೆಯೂ ನೀರಿನೊಳಗಾದರೆ ನೆರೆಯೂರೇ ದೂರದೇಶವಾಗುವದು. 2019 ಮತ್ತು 2021ರ ಮಹಾಪೂರಗಳನ್ನು ಆ ಭಾಗದ ಗೃಹಸ್ಥರು ಮರೆತಿರಲಾರರು. ಅಂಥಲ್ಲಿಯ ತರುಣರು ಪರೀಕ್ಷೆ ಕೊಟ್ಟು ಹವ್ಯಾಸಿ ಬಾನುಲಿಯ ಪರವಾನಿಗೆಯನ್ನು ಪಡೆಯಲೆಳಸಿದರೆ ಹಿರಿಯರು ಅದನ್ನು ಬರಿಯ ಆಟವೆಂದು ತಳ್ಳಲಾಗದು. 2004ರ ದಶಂಬರದಲ್ಲಿ ಸುನಾಮಿಯು ಅಂಡಮಾನಿನ ದೂರವಾಣಿಗಳನ್ನು ಕೆಡಿಸಿದಾಗ, ದೇಶವಿದೇಶದ ಹವ್ಯಾಸಿಗಳೊಡನೆ ಮಾತಾಡುವ ಸಲುವಾಗಿ ಪೋರ್ಟ್‌ಬ್ಲೇರಿಗೆ ಹೋಗಿದ್ದ ಶ್ರೀಮತಿ ಭಾರತಿ ಪ್ರಸಾದರ ನಿಲಯವೇ ದ್ವೀಪದವರ ಕ್ಷೇಮಸಮಾಚಾರವನ್ನು ಹೊರಗೆ ಮುಟ್ಟಿಸಿತು.

ಇಂಥ ನಿಲಯಕ್ಕೆ ಯಂತ್ರದಷ್ಟೇ ಮುಖ್ಯವಾದುದು ಅದರ ಕಿರ್ದಿ. ಹವ್ಯಾಸಿಗಳು ಅದನ್ನು ಲಾಗ್ ಎನ್ನುವರು. ಯಾರೊಡನೆ, ಯಾವಾಗ, ಯಾವ ಕಂಪನಾಂಕದಲ್ಲಿ, ಯಾವ ವಿಧಾನದಿಂದ ಮಾತಾಯಿತು, ದನಿ ಎಷ್ಟು ಸ್ಪಷ್ಟವಾಗಿತ್ತು ಎಂಬುದೆಲ್ಲ ಅದರಲ್ಲಿರತಕ್ಕದ್ದು. ನಮ್ಮ ದೇಶದ 1978ರ ನಿಯಮಗಳೂ ಲಾಗನ್ನು ಇಡಬೇಕೆಂದು ವಿಧಿಸಿದವು. ಈಗ ಗಣಕಯಂತ್ರದಲ್ಲಿ ಅದನ್ನು ಬರೆಯುವ ತಂತ್ರಾಂಶಗಳು ಹಲವಿರುವದರಿಂದ ಹೊಸಬನಿಗೆ ದಿಕ್ಕು ತೋಚದಂತಾಗುವದು ಸಹಜ.

ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಬರೆದುದನ್ನು ಹೊರಗೆ ತೆಗೆದುಕೊಳ್ಳಲು ಬರುವದೇ? 1996ರಲ್ಲಿ ಹುಟ್ಟಿದ ಎಡಿಐಎಫ್ ಎಂಬ ಸಾದಾ ಅಕ್ಷರಗಳ ಕಡತವು ಇದಕ್ಕಾಗಿಯೇ ಇದೆ. ಲಾಗನ್ನು ಈ ರೂಪದಲ್ಲಿ ಪೂರ್ತಿಯಾಗಿ ಹಿಂದಿರುಗಿಸದ ತಂತ್ರಾಂಶವು, ಕೀಲಿಕೈ ಅಂಗಡಿಯವನ ಬಳಿಯಲ್ಲೇ ಉಳಿಯುವ ತಿಜೋರಿಯಂತೆ. ಸೊಗಸು ಎಷ್ಟಿದ್ದರೂ ಅದು ಬೇಡ.

ಇನ್ನು ಹೆಸರುಗಳು. ವಿಂಡೋಸ್ ಗಣಕವಿದ್ದವರಿಗೆ ಲಾಗ್‌ಫಾರ್‌ಓಎಂ, ಲಿನಕ್ಸ್ ಇದ್ದವರಿಗೆ ಸಿಕ್ಯೂಆರ್‌ಲಾಗ್ ಸಾಕು. ಎರಡಕ್ಕೂ ಹಣ ತೆರಬೇಕಾಗಿಲ್ಲ. ಎನ್‌ವನ್‌ಎಂಎಂ ಕೂಡ ಪುಕ್ಕಟೆಯೇ. ಆದರೆ ಅದು ಸ್ಪರ್ಧೆಗಳ ಸಲುವಾಗಿ ರಚಿತವಾದುದು. ಇಬ್ಬರ ಅಡಿಗೆಗೆ ಮದುವೆಯ ಹಂಡೆಯೇಕೆ?

ಹೊಸಬರನ್ನು ಹೆಚ್ಚಾಗಿ ಕಾಡುವದು ಕಾಲಗಣನೆ. ಲಾಗನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಬರೆಯುವದು ಲೋಕರೂಢಿ. ನಮ್ಮ ಗಡಿಯಾರ ಅದಕ್ಕಿಂತ 5 ತಾಸು 30 ಮಿನಿಟು ಮುಂದಿದೆ. ಭೋಜದಲ್ಲಿ 2ನೇ ತಾರೀಖಿನ ನಸುಕಿನ 4 ಗಂಟೆಗೆ ಆದ ಸಂಭಾಷಣೆಯು ಲಾಗಿನಲ್ಲಿ 1ನೇ ತಾರೀಖಿನ 22:30. ಅಮೇರಿಕದ ಹವ್ಯಾಸಿಗಳ ಸಂಘವು 2003ರಲ್ಲಿ ತೆರೆದ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಎಂಬಲ್ಲಿ ಇಬ್ಬರ ಬರಹವೂ 30 ಮಿನಿಟಿನೊಳಗೆ ಹೊಂದಿದರೆ ಮಾತ್ರ ಸಂಭಾಷಣೆ ಸ್ಥಿರಪಡುವದು. ಊರ ಗಡಿಯಾರವನ್ನು ನಂಬಿ ಬರೆದವನ ವರುಷದ ಶ್ರಮವು ಹಾಗೆಯೇ ಬಿದ್ದಿರುವದು. ಆದುದರಿಂದ ತಂತ್ರಾಂಶವು ಯುಟಿಸಿಯನ್ನು ತಾನಾಗಿಯೇ ತುಂಬುವದೋ ಎಂದು ಮೊದಲ ದಿನವೇ ನೋಡತಕ್ಕದ್ದು. ಗಣಕದ ಕಾಲವಲಯವನ್ನೂ ಪರೀಕ್ಷಿಸತಕ್ಕದ್ದು.

ಆದರೆ ಪೂರ ಬಂದ ರಾತ್ರಿ ಕರೆಂಟು ಇರುವದೆಂಬ ಭರವಸೆಯಿಲ್ಲ. ಬ್ಯಾಟರಿಯಿಂದ ಬಾನುಲಿಯೇನೋ ನಡೆದೀತು, ಗಣಕ ನಡೆಯದೆ ಹೋದೀತು. ಯಾವ ಓಣಿಗೆ ದೋಣಿ ಬೇಕೆಂದು ಯಾರಿಗೆ ಎಷ್ಟು ಗಂಟೆಗೆ ಹೇಳಲಾಯಿತೆಂಬುದು ಆಗ ನೆನಪಿನ ಮೇಲೆ ನಿಲ್ಲಬಾರದು. ಹೊಲಿದ ಪುಸ್ತಕವೂ ಪೆನ್ಸಿಲ್ಲೂ ಯಂತ್ರದ ಪಕ್ಕದಲ್ಲಿರಲಿ; ಕರೆಂಟು ಬಂದ ಮೇಲೆ ಗಣಕಕ್ಕೆ ಏರಿಸಬಹುದು. ಪ್ರತಿ ತಿಂಗಳೂ ಎಡಿಐಎಫ್ ಕಡತದ ಒಂದು ಪ್ರತಿಯನ್ನು ನದಿಯಿಂದ ದೂರದಲ್ಲಿ, ಚಿಕ್ಕೋಡಿಯಲ್ಲೋ ಬೆಳಗಾವಿಯಲ್ಲೋ ಇರುವ ನೆಂಟರ ಮನೆಗೆ ಕಳಿಸಿಟ್ಟರೆ ಒಳ್ಳೆಯದು.