ಮೆನು ಕೇಳಿದಿ, ಸಲಿಕಿ ಕೇಳಿದೇನು?

ಬಿಸಿಲಿಗೆ ಹೆಸರಾದ ನಮ್ಮ ದೋರನಹಳ್ಳಿಯಲ್ಲಿ ಕೂತು ಹಿಮದ ಬಗ್ಗೆ ಬರೀತೀನಿ ಅಂದ್ರೆ ನಗಬೇಡ್ರಿ. ನಮ್ಮ ಕಡೆಯ ಹುಡುಗರು ಈಗ ಬೆಂಗಳೂರು, ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾರೆ. ಚಳಿಗಾಲ ಬಂತೆಂದರೆ ಹಿಮಾಲಯದ ಟ್ರೆಕ್ಕಿಗೆ ಹೊರಡ್ತಾರೆ. ತಂಗಿಯ ಮಗಳೂ ಹೊರಟಿದ್ದಾಳೆ. "ದೊಡ್ಡವ್ವ, ಮೂರು ಹೊತ್ತು ಬಿಸಿ ಊಟ, ರಾತ್ರಿ ಸೂಪ್ ಸೈತ ಅದ" ಅಂದಳು. "ಮೆನು ಕೇಳಿದಿ, ಚಲೋ ಆತು. ಸಲಿಕಿ ಅದಾವೇನು ಅಂತ ಕೇಳಿದೇನು?" ಅಂದೆ. "ಸಲಿಕಿ ಯಾಕ? ನಾವೇನು ಹೊಲಕ್ಕ ಹೊಂಟೀವೇನು?"

ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರನೇ ದಿನ ಅವರೊಬ್ಬರೇ ಜೀವಂತ ಸಿಕ್ಕರು. 11ರಂದು ದೆಹಲಿಯಲ್ಲಿ ತೀರಿಕೊಂಡರು. ಅದನ್ನು ನೆನೆಸಿ "ಆರು ದಿನ ಬದುಕಬಹುದು" ಅಂದುಕೊಳ್ಳೋದು ತಪ್ಪು. ಅದು ಅಪರೂಪದಲ್ಲಿ ಅಪರೂಪ. ಹಿಮದಡಿ ಸಿಕ್ಕವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಉಳೀತಾರೆ; ಅರ್ಧ ತಾಸು ದಾಟಿದರೆ ಆಸೆ ಬಹಳ ಕಡಿಮೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರೋದಿಲ್ಲ. ಪಕ್ಕದಲ್ಲಿದ್ದ ಗೆಳೆಯರೇ ತೋಡಬೇಕು. ಕುಸಿದು ನಿಂತ ಹಿಮ ಸಿಮೆಂಟಿನಂತೆ ಬಿಗಿಯುತ್ತದೆ, ಬರಿಗೈಯಿಂದ ಆಗದ ಮಾತು. ಅದಕ್ಕೇ ಸಲಿಕಿ.

ಪತ್ರಿಕೆಗಳು ಹಿಮ ಬೀಳೋದಕ್ಕೂ ಕುಸಿಯೋದಕ್ಕೂ "ಹಿಮಪಾತ" ಅಂತಲೇ ಬರೀತಾವೆ, ನನಗದು ಸರಿ ಬರೋದಿಲ್ಲ. ಕುಸಿತ ಬೇರೆ. ಇಳಿಜಾರಿನಲ್ಲಿ ಜೋಳ ಹರವಿ ಮೇಲೆ ಶಹಾಬಾದಿ ಪರಸಿ ಇಟ್ಟಂಗ: ಕೆಳಗಿನ ಪದರ ಸಡಿಲ, ಮೇಲಿನದು ಗಟ್ಟಿ. ನಾವು ಕಾಲಿಟ್ಟ ಭಾರಕ್ಕೇ ಪರಸಿ ಜಾರುತ್ತದೆ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ಮೇಲೆ ಕುಸಿದದ್ದು ಅವರೋ ಅವರ ಜೊತೆಯವರೋ ಕದಲಿಸಿದ ಹಿಮವೇ. 30ರಿಂದ 45 ಡಿಗ್ರಿ ಇಳಿಜಾರು ಎಲ್ಲಕ್ಕಿಂತ ಅಪಾಯ. ಹೊಸ ಹಿಮ ಬಿದ್ದ ಮರುದಿನ, ಗಾಳಿ ಜೋರು ಬೀಸಿದ ಮೇಲೆ ಇನ್ನೂ ಹೆಚ್ಚು. ದಾರಿ ಸಮ ಇದೆ ಅಂತ ನಂಬಬೇಡ್ರಿ, ತಲೆ ಎತ್ತಿ ಮೇಲಿನ ಗುಡ್ಡ ನೋಡ್ರಿ.

ತರಬೇತಿ ಪಡೆದವರಿಗೂ ಇದು ಬಿಟ್ಟಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಸಿಕ್ಕಿಬಿತ್ತು. ಸತ್ತವರು, ಕಾಣೆಯಾದವರು ಸೇರಿ 29 ಮಂದಿ. ಕರ್ನಾಟಕದವರೂ ಇದ್ದರು.

ಹಿಂಗಾಗಿ ಅವಳಿಗೆ ನಾಲ್ಕು ಮಾತು ಬರೆದು ಕಳಿಸಿದೆ. ಚಂಡೀಗಢದ ಡಿಜಿಆರ್‌ಇ ಹೊರಡಿಸೋ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ಗೈಡ್ ನೋಡ್ತಾನೇನು? ಪ್ರತಿಯೊಬ್ಬರ ಮೈಮೇಲೂ ಸಂಕೇತ ಕೊಡೋ ಬೀಕನ್, ಚೀಲದಲ್ಲಿ ಚುಚ್ಚಿ ಹುಡುಕೋ ಉದ್ದ ಕಡ್ಡಿ, ಸಲಿಕಿ ಅದಾವೇನು? ಬಳಸೋದು ಮೊದಲೇ ಕಲಿಸ್ತಾರೇನು? ಹವಾ ಕೆಟ್ಟರೆ ತಿರುಗಿ ಬರೋ ತೀರ್ಮಾನ ಯಾರದು, ಆಗ ರೊಕ್ಕದ ಜಗಳ ತೆಗೀತಾರೇನು? ಈ ಕಡೇ ಪ್ರಶ್ನೆಗೆ ಅವರು ತಡವರಿಸಿದರೆ ಬೇರೆ ತಂಡ ಹುಡುಕು ಅಂದೀನಿ.

ಅಪಾಯದ ಇಳಿಜಾರು ದಾಟಲೇಬೇಕಾದರೆ ಒಬ್ಬೊಬ್ಬರೇ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣು ತೆಗೀದಂಗ ನೋಡಬೇಕು. ಯಾರಾದರೂ ಸಿಕ್ಕಿಬಿದ್ದರೆ ಕೊನೆಗೆ ಕಂಡ ಜಾಗ ಗುರುತಿಟ್ಟುಕೊಳ್ಳಬೇಕು. ಹುಡುಕಾಟ ಅಲ್ಲಿಂದ ಕೆಳಕ್ಕೆ.